ಲಿವರ್ ಎಡಗಡೆಗೇ ಇರಲಿ

ಜನವರಿ ೯

ಅಕ್ಕನಿಗೆ ತಮ್ಮನ ನಮಸ್ಕಾರ.

ವರ್ಷಕ್ಕೊಮ್ಮೆ ಫೋನ್ ಮಾಡಿ ಕೈತೊಳೆದುಕೊಳ್ಳುವವನು ಕಾಗದ ಬರೆದಿದ್ದಾನೆ ಎಂದರೆ ಏನೋ ಕೆಲಸವಿರಬೇಕು ಎಂದು ಲಕೋಟೆ ಒಡೆಯುವ ಮೊದಲೇ ನೀವು ಭಾವನಿಗೆ ಹೇಳಿರುತ್ತೀರಿ. ನಿಜ, ಕೆಲಸವಿದೆ. ಫೋನಿನಲ್ಲಿ ಕೇಳಿದರೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ ಎಂದು ಜಾರಿಕೊಳ್ಳುತ್ತೀರಿ. ಕಾಗದದ ಮುಂದೆ ಆ ನೆಪ ನಡೆಯುವುದಿಲ್ಲ.

ಈ ಜೂನ್‌ಗೆ ನಮ್ಮ ಕಾರ್ಖಾನೆಗೆ ಐವತ್ತು ವರ್ಷ ತುಂಬುತ್ತದೆ. ಅಪ್ಪ ಕೆಲಸ ಮಾಡುತ್ತಿದ್ದ ತಗಡಿನ ಶೆಡ್ಡನ್ನು ಕೆಡವದೆ ಉಳಿಸಿಕೊಂಡು, ಸುಣ್ಣ ಬಳಿಸಿ, ನೋಡಲು ಬರುವವರಿಗೆಂದು ಒಂದು ಕೋಣೆ ಮಾಡುತ್ತಿದ್ದೇವೆ. ಅವರು ಕಬ್ಬಿಣ ಕಚ್ಚಿಸಿ ಹಿಡಿಯುತ್ತಿದ್ದ ವೈಸು, ಅರಗಳು, ಚಕ್ರದ ಸೊಟ್ಟ ತೆಗೆಯುವ ಸ್ಟ್ಯಾಂಡು, ಮೊಳೆಗೆ ತಗುಲಿಸುತ್ತಿದ್ದ ಎಣ್ಣೆ ಹಿಡಿದ ಅಂಗಿ, ಎಲ್ಲವೂ ಅವುಗಳ ಜಾಗದಲ್ಲೇ ಇರುತ್ತವೆ. ನಡುವೆ ಒಂದು ಗಾಜಿನ ಪೆಟ್ಟಿಗೆ. ಅದರೊಳಗೆ ಅಪ್ಪ ಮಾಡಿದ ಮೊಟ್ಟಮೊದಲ ದೀಪದ ಸೈಕಲ್ ಇಡಬೇಕು. ಅದು ನಿಮ್ಮ ಹತ್ತಿರ ಇದೆ.

ಅಪ್ಪ ಹೋದ ಮೇಲೆ ಮನೆಯ ಸಾಮಾನು ಹಂಚಿಕೊಳ್ಳುವಾಗ ನೀವು ಬೇರೆ ಏನನ್ನೂ ಕೇಳಲಿಲ್ಲ, ಆ ಸೈಕಲ್ ಒಂದೇ ಕೇಳಿದಿರಿ. ಮಕ್ಕಳ ಸೈಕಲ್ ಕಟ್ಟಿಕೊಂಡು ಅಕ್ಕ ಏನು ಮಾಡುತ್ತಾರೆ ಎಂದು ನನಗೆ ಆಗ ಆಶ್ಚರ್ಯವಾಗಿತ್ತು. ಈಗ ಅದಕ್ಕೆ ಒಂದು ಒಳ್ಳೆಯ ಜಾಗ ಸಿಕ್ಕಿದೆ. ನೀವು ಹೂಂ ಅಂದರೆ ಗಾಡಿ ಕಳಿಸುತ್ತೇನೆ.

ಪೆಟ್ಟಿಗೆಯ ಪಕ್ಕ ನಮ್ಮ ಕಥೆ ಬರೆಸಿ ಹಾಕುತ್ತೇವೆ. ಕತ್ತಲೆಗೆ ಹೆದರುತ್ತಿದ್ದ ಮಗನಿಗಾಗಿ ಅಪ್ಪ ಒಬ್ಬರು ದೀಪದ ಸೈಕಲ್ ಮಾಡಿದರು, ಅದೇ ಬೆಳೆದು ಕಾರ್ಖಾನೆಯಾಯಿತು ಎಂದು. ಹೆದರಿದ್ದು ನನಗೆ ನೆನಪಿಲ್ಲ, ಆದರೆ ಅಮ್ಮ ಯಾವಾಗಲೂ ಹೇಳುತ್ತಿದ್ದರಲ್ಲ.

ನನ್ನ ಮಗಳು ಈ ಸಲ ಹೊಸ ಮಾದರಿ ತರುತ್ತಿದ್ದಾಳೆ. ಎರಡೂ ಚಕ್ರದ ಕಡ್ಡಿಗಳಲ್ಲಿ ಬಣ್ಣಬಣ್ಣದ ದೀಪ. ಹ್ಯಾಂಡಲಿನ ಮೇಲೆ ದೀಪ ಹಚ್ಚುವ ಲಿವರನ್ನು ಎಡಗಡೆಯಿಂದ ತೆಗೆದು ಬಲಗಡೆಗೆ ಹಾಕುತ್ತಾಳಂತೆ. ನಾನು ಇನ್ನು ಸಹಿ ಹಾಕುವುದಕ್ಕಷ್ಟೇ ಉಳಿದಿದ್ದೇನೆ.

ಉತ್ತರ ಕಾಯುವ,
ನಿಮ್ಮ ತಮ್ಮ


ಜನವರಿ ೨೩

ತಮ್ಮಾ, ಚೆನ್ನಾಗಿರು.

ನಿನ್ನ ಕಾಗದವನ್ನು ಇವರೇ ಓದಿದರು. ಓದಿ, "ನಿನ್ನ ತಮ್ಮ ನಮ್ಮನ್ನೂ ಗಾಜಿನ ಪೆಟ್ಟಿಗೆಗೆ ಹಾಕ್ತಾನಾ ಕೇಳು, ಬಾಡಿಗೆ ಉಳಿಯುತ್ತೆ" ಅಂದರು. ನಿನ್ನ ಭಾವ ಬದಲಾಗಿಲ್ಲ.

ಒಡಹುಟ್ಟಿದವಳಿಗೆ ಎಷ್ಟು ಸಲ ನೀವು, ನಿಮ್ಮ, ನಿಮಗೆ ಅಂತ ಬರೆಯುತ್ತೀಯೋ? ಮನೆಗೆ ಬಂದ ನೆಂಟರಿಗೆ ಬರೆದ ಹಾಗಿದೆ. ಇರಲಿ, ಒಂದೇ ಮನೆಯಲ್ಲಿ ಬೆಳೆದಿದ್ದರೆ ನೀನು ನನ್ನ ಜಡೆ ಎಳೆದಿರುತ್ತಿದ್ದೆ, ಆಗ ನೀವು ಅನ್ನುವುದು ಬಾಯಿಗೇ ಬರುತ್ತಿರಲಿಲ್ಲ.

ಆ ಹಳದಿ ಸೈಕಲ್ ನನ್ನ ಹೊಲಿಗೆ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಚಾವಣಿಯ ಕೊಕ್ಕೆಗೆ ನೇತುಹಾಕಿದೆ. ಹ್ಯಾಂಡಲ್ ಮೇಲೆ ಅಳತೆಯ ಟೇಪು, ಸೀಟಿನ ಮೇಲೆ ಹೊಲಿದು ಮುಗಿದ ಬಟ್ಟೆಯ ಗಂಟು. ಗಿರಾಕಿಗಳು ತಲೆಯೆತ್ತಿ ನೋಡಿ, ಮೊಮ್ಮಕ್ಕಳದ್ದಾ ಎಂದು ಕೇಳುತ್ತಾರೆ. ನಾನು ಹೂಂ ಅಂದುಬಿಡುತ್ತೇನೆ. ಅದನ್ನು ಇಳಿಸಿದರೆ ನನ್ನ ಟೇಪಿಗೆ ಗತಿಯಿಲ್ಲ. ಯೋಚನೆ ಮಾಡಿ ಹೇಳುತ್ತೇನೆ.

ನಾನು ಯಾವತ್ತೂ ನಿನ್ನ ಕಾರ್ಖಾನೆಯ ವಿಷಯಕ್ಕೆ ತಲೆ ಹಾಕಿದವಳಲ್ಲ. ಈಗ ಒಂದು ಮಾತು. ನಿನ್ನ ಮಗಳು ಚಕ್ರಕ್ಕೆ ನೂರು ದೀಪ ಬೇಕಾದರೆ ಹಾಕಿಕೊಳ್ಳಲಿ, ಹಾಡು ಹಾಡುವ ಗಂಟೆ ಇಡಲಿ. ಲಿವರ್ ಮಾತ್ರ ಎಡಗಡೆಗೇ ಇರಲಿ. ಅಷ್ಟು ಹೇಳು ಅವಳಿಗೆ. ಯಾಕೆ ಏನು ಎಂದು ಕೇಳಿದರೆ, ಅತ್ತೆಗೆ ವಯಸ್ಸಾಗಿದೆ, ಹಟ ಮಾಡುತ್ತಾಳೆ ಅನ್ನು.

ಹರಸುವ,
ಅಕ್ಕ


ಫೆಬ್ರವರಿ ೬

ಅಕ್ಕನಿಗೆ ನಮಸ್ಕಾರ.

ನಿಮ್ಮ ಅಕ್ಷರ ಇನ್ನೂ ಮುತ್ತು ಪೋಣಿಸಿದ ಹಾಗಿದೆ. ನನ್ನ ಮಗಳು ಲಕೋಟೆಯ ಮೇಲಿನ ವಿಳಾಸ ನೋಡಿ, ಅತ್ತೆ ಅಚ್ಚು ಹಾಕಿಸಿದ್ದಾರಾ ಅಂದಳು. ಆದರೆ ನೆನಪು ಮಾತ್ರ ಕೈಕೊಡುತ್ತಿದೆ ಎಂದು ಕಾಣುತ್ತದೆ. ಸೈಕಲ್ ಹಳದಿಯಲ್ಲ, ನೀಲಿ. ಕಡು ನೀಲಿ. ದಿನವೂ ತಲೆಯ ಮೇಲೆ ನೇತಾಡುವ ಸೈಕಲಿನ ಬಣ್ಣ ಮರೆಯುತ್ತದೆಯೇ? ಭಾವನಿಗೆ ಹೇಳಿ ಒಮ್ಮೆ ಕಣ್ಣು ತೋರಿಸಿಕೊಳ್ಳಿ.

ಲಿವರಿನ ವಿಷಯ. ಬೇಜಾರು ಮಾಡಿಕೊಳ್ಳಬೇಡಿ, ಅದು ಆಗುವ ಮಾತಲ್ಲ. ಅಂಗಡಿಗಳಿಂದ ದೂರು ಬರುತ್ತಲೇ ಇವೆ. ಹೆಚ್ಚಿನ ಮಕ್ಕಳದು ಬಲಗೈ. ದೀಪ ಹಚ್ಚಬೇಕೆಂದು ಬಲಗೈಯನ್ನೇ ಅಡ್ಡಹಾಯಿಸಿ ಎಡಗಡೆಯ ಲಿವರಿಗೆ ಚಾಚುತ್ತಾರೆ, ಹ್ಯಾಂಡಲ್ ತಿರುಗುತ್ತದೆ, ಬೀಳುತ್ತಾರೆ. ಇದು ಬೇರೆಯವರು ಹೇಳಬೇಕಾಗಿಲ್ಲ, ನನ್ನ ಹುಬ್ಬಿನ ಮೇಲಿನ ಗಾಯದ ಗುರುತು ಹಾಗೆ ಆದದ್ದೇ. ಬಿದ್ದು ಅಳುತ್ತಾ ಹೋಗಿ, ಇದನ್ನು ಈ ಕಡೆ ಹಾಕಿಕೊಡಿ ಎಂದು ಅಪ್ಪನನ್ನು ಕೇಳಿದ್ದು ನೆನಪಿದೆ. ನಾನು ಕೇಳಿದ್ದನ್ನು ಅಪ್ಪ ಇಲ್ಲ ಎಂದವರಲ್ಲ. ಕಾಲು ಎಟುಕುವುದಿಲ್ಲ ಎಂದಾಗ ಪೆಡಲ್‌ಗಳಿಗೆ ಮರದ ತುಂಡು ಕಟ್ಟಿಕೊಟ್ಟಿದ್ದರು. ಆದರೆ ಲಿವರ್ ಎಂದೊಡನೆ, "ಅದು ಅಲ್ಲಿಗೇ ಇರಲಿ" ಎಂದು ಹೇಳಿ ಮತ್ತೆ ಅರ ಉಜ್ಜುತ್ತ ಕೂತರು. ಅಷ್ಟು ಬುದ್ಧಿವಂತರು ಮಾಡಿದ ಒಂದೇ ಎಡವಟ್ಟು ಅದು, ಅದನ್ನೇ ನಾವು ಐವತ್ತು ವರ್ಷ ನಿಷ್ಠೆಯಿಂದ ಮಾಡಿಕೊಂಡು ಬಂದೆವು. ಹಿಂದೊಮ್ಮೆ ಜಾಹೀರಾತು ಬರೆಯುವವನೊಬ್ಬ, ಹೃದಯವಿರುವ ಕಡೆಯೇ ದೀಪದ ಲಿವರ್ ಎಂದು ಬರೆದುಕೊಟ್ಟಿದ್ದ. ನಾನೂ ಎಲ್ಲ ಕಡೆ ಅದನ್ನೇ ಹೇಳುತ್ತಿದ್ದೆ. ಬೀಳುವ ಮಕ್ಕಳಿಗೆ ಹೃದಯದ ಮಾತು ಹೇಳಿ ಏನು ಪ್ರಯೋಜನ?

ಮಗಳು ಹೊಸ ಅಚ್ಚಿಗೆ ಹೇಳಿಯಾಗಿದೆ. ಸೈಕಲ್ ಕಳಿಸುವಿರಾ ಇಲ್ಲವಾ, ದಯವಿಟ್ಟು ತಿಳಿಸಿ.

ನಿಮ್ಮ ತಮ್ಮ


ಮಾರ್ಚ್ ೩೦

ತಮ್ಮಾ,

ಸೈಕಲ್ ಕಳಿಸುತ್ತಿದ್ದೇನೆ. ಇವರ ಫೋನ್ ಬಂದ ಕೂಡಲೇ ನೀನು ಕಳಿಸಿದ ಡ್ರೈವರ್ ಅವಸರದ ಮನುಷ್ಯ, ಟೀ ಕೂಡ ಕುಡಿಯಲಿಲ್ಲ. ಹಾಗಾಗಿ ಬಟ್ಟೆ ಸುತ್ತಿದ್ದೆಲ್ಲ ನಾನೇ. ದೀಪದ ಗಾಜು ಒಡೆಯದ ಹಾಗೆ ಹಳೆಯ ಹತ್ತಿ ಇಟ್ಟು ಹೊಲಿದಿದ್ದೇನೆ, ಹರಿಯಬೇಡ, ಹೊಲಿಗೆ ಬಿಚ್ಚು.

ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದು ಕೇಳಬೇಡ. ಮೊದಲು ಸಿಟ್ಟಿತ್ತು. ಆಮೇಲೆ ಸಿಟ್ಟು ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಸತ್ತವರ ಮೇಲೆ ಸಿಟ್ಟು ಮಾಡಿಕೊಂಡು ಹೊಲಿಗೆ ಮೆಷಿನ್ ತುಳಿದರೆ ದಾರ ತುಂಡಾಗುತ್ತದೆ, ಅಷ್ಟೇ.

ಬಣ್ಣ ಹೊಡೆಸಬೇಡ. ಹಿತ್ತಾಳೆ ಉಜ್ಜಿಸಬೇಡ. ಲಿವರಿನ ವಿಷಯ ಇನ್ನು ಕೇಳುವುದಿಲ್ಲ.

ನನ್ನ ಅಕ್ಷರ ಹೊಗಳಿದ್ದೀಯ. ಆ ಮುತ್ತು ಪೋಣಿಸುವುದಕ್ಕೆ ನನ್ನನ್ನು ಸಾಕಿದ ದೊಡ್ಡಮ್ಮ ಎಷ್ಟು ಏಟು ಕೊಟ್ಟರು ಎಂದು ನಿನಗೆ ಗೊತ್ತಿಲ್ಲ. ಅವರು ಕೆಟ್ಟವರಲ್ಲ. ನನ್ನ ಒಳ್ಳೆಯದಕ್ಕೇ ಹೊಡೆಯುತ್ತಿದ್ದರು.

ಕೊಕ್ಕೆ ಖಾಲಿಯಾಗಿದೆ. ಬೆಳಿಗ್ಗೆಯಿಂದ ಎರಡು ಸಲ ಟೇಪು ಹುಡುಕಿದೆ.

ಅಕ್ಕ


ಏಪ್ರಿಲ್ ೨೦

ಅಕ್ಕಾ,

ನಮಸ್ಕಾರ ಗಿಮಸ್ಕಾರ ಬರೆಯುವ ಸ್ಥಿತಿಯಲ್ಲಿ ನಾನಿಲ್ಲ.

ನೀವು ಹೇಳಿದ ಹಾಗೆ ಹೊಲಿಗೆ ಬಿಚ್ಚಿಯೇ ತೆಗೆದೆ. ಶೆಡ್ಡಿನಲ್ಲಿ ಅಪ್ಪನ ಸ್ಟ್ಯಾಂಡಿನ ಪಕ್ಕ ನಿಲ್ಲಿಸಿದೆವು. ನಮ್ಮಲ್ಲಿ ಬಣ್ಣದ ಕೆಲಸ ನೋಡಿಕೊಳ್ಳುವ ಮೇಸ್ತ್ರಿ ಬಂದು, ಬಣ್ಣ ಹೊಡೆಯುವುದಿಲ್ಲ, ತುಕ್ಕು ಹರಡದ ಹಾಗೆ ಮಾಡುತ್ತೇನೆ ಎಂದು ಪೆಡಲಿನ ಬುಡದಲ್ಲಿ ಉಗುರಿನಷ್ಟು ಜಾಗ ಕೆರೆದ. ನೀಲಿಯ ಕೆಳಗೆ ಹಳದಿ ಬಂತು. "ಸಾರ್, ಇದು ಮೊದಲು ಹಳದಿ ಇದ್ದ ಗಾಡಿ" ಅಂದ. ನಿಮಗೆ ಕಣ್ಣು ತೋರಿಸಿಕೊಳ್ಳಿ ಎಂದು ಬರೆದಿದ್ದೆ. ನನಗೆ ನಾಚಿಕೆಯಾಯಿತು.

ಆಮೇಲೆ ಎಲ್ಲರೂ ಊಟಕ್ಕೆ ಹೋದಾಗ ನಾನೊಬ್ಬನೇ ಅದರ ಮುಂದೆ ಕೂತೆ. ಲಿವರಿನ ಮೇಲೆ ಹೆಬ್ಬೆರಳು ಕೂರುವುದಕ್ಕೆ ಒಂದು ಗುಳಿ ಇದೆಯಲ್ಲ, ನಾವು ಮಾಡುವ ಎಲ್ಲ ಲಿವರಿನಲ್ಲೂ ಇರುವ ಗುಳಿ, ಅದಕ್ಕೆ ಬಲಗೈ ಹೆಬ್ಬೆರಳು ಇಟ್ಟೆ. ಕೂರಲಿಲ್ಲ. ಎಡಗೈಯದು ಇಟ್ಟೆ. ಬೆರಳು ದಪ್ಪ, ಆದರೂ ವಾಲಿಕೆ ಸರಿಯಾಗಿತ್ತು. ಹುಟ್ಟಿದಾಗಿನಿಂದ ನೋಡುತ್ತಿರುವ ಗುಳಿ, ಒಂದು ದಿನವೂ ಅದು ಯಾವ ಕೈಯದು ಎಂದು ಯೋಚಿಸಿರಲಿಲ್ಲ.

ಆಮೇಲೆ ಮರದ ತುಂಡಿನ ನೆನಪಾಯಿತು. ನನಗಾಗಿಯೇ ಮಾಡಿದ ಸೈಕಲಿನಲ್ಲಿ ನನ್ನ ಕಾಲು ಪೆಡಲಿಗೆ ಯಾಕೆ ಎಟುಕುತ್ತಿರಲಿಲ್ಲ? ಅಳತೆಯಲ್ಲಿ ಕೂದಲೆಳೆ ತಪ್ಪದ ಅಪ್ಪ ಅಷ್ಟು ದೊಡ್ಡದಾಗಿ ಯಾಕೆ ಮಾಡಿದರು? ಈ ಮಾತನ್ನು ನಾನು ತಮಾಷೆಯ ಕಥೆಯಾಗಿ ಎಷ್ಟು ಜನಕ್ಕೆ ಹೇಳಿದ್ದೇನೋ.

ನೀವು ಬಲಗೈಯಲ್ಲೇ ಬರೆಯುತ್ತೀರಿ, ಬಲಗೈಯಲ್ಲೇ ಕತ್ತರಿ ಹಿಡಿಯುತ್ತೀರಿ. ಆದರೆ ಅಮ್ಮ ತೀರಿಕೊಂಡ ವಾರ ಅಡುಗೆಮನೆಯಲ್ಲಿ ಶೆಲ್ಫಿನಿಂದ ಲೋಟ ಜಾರಿದಾಗ ನೀವು ಫಕ್ಕನೆ ಹಿಡಿದಿರಿ. ಎಡಗೈಯಲ್ಲಿ. ಅದು ನಿನ್ನೆಯಿಂದ ಕಣ್ಣಮುಂದೆ ಬರುತ್ತಿದೆ.

ಇದು ಯಾರಿಗೆ ಮಾಡಿದ ಸೈಕಲ್, ಅಕ್ಕ?

ತಮ್ಮ


ಮೇ ೪

ತಮ್ಮಾ,

ನನಗೆ ಮಾಡಿದ್ದು.

ಇದನ್ನು ಬರೆದು ಎದ್ದು ಹೋಗಿ ಬಟ್ಟೆ ಕತ್ತರಿಸಿ ಬಂದೆ. ಈಗ ಉಳಿದದ್ದು ಹೇಳುತ್ತೇನೆ.

ನಾನು ಎಡಗೈಯವಳು. ಅಮ್ಮನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ, ಶಾಲೆಯ ಮೇಡಂ ಗೆಣ್ಣಿನ ಮೇಲೆ ಸ್ಕೇಲಿನಿಂದ ಹೊಡೆಯುತ್ತಿದ್ದರು. ಅಪ್ಪ ಒಬ್ಬರೇ ಏನೂ ಅನ್ನದವರು. ಎಡಚಿ ಎಂದು ಉಳಿದವರು ಬೈದರೆ ಅವರು ಅದೇ ಹೆಸರಿನಲ್ಲಿ ಕರೆಯುತ್ತಿದ್ದರು, ಅವರ ಬಾಯಲ್ಲಿ ಅದು ಮುದ್ದು. ಸಂಜೆ ಶೆಡ್ಡಿಗೆ ಊಟದ ಡಬ್ಬಿ ಒಯ್ಯುವುದು ನನ್ನ ಕೆಲಸ. ಆಗ ಅದು ರಿಪೇರಿ ಅಂಗಡಿ. ಎರಡು ಎತ್ತರದ ಗೋಡೆಗಳ ನಡುವಿನ ಓಣಿ, ಒಂದು ದೀಪವಿಲ್ಲ. ಹೆದರುತ್ತಿದ್ದದ್ದು ನಾನು. ನೀನು ಆಗ ತೊಟ್ಟಿಲಲ್ಲಿ ಕೈಕಾಲು ಬಡಿಯುತ್ತಿದ್ದೆ, ನಿನಗೆ ಯಾವ ಕತ್ತಲೆ?

ಒಂದು ದಿನ ಅಪ್ಪ ಸಾಬೂನಿನ ತುಂಡು ಮುಂದಿಟ್ಟು ಹೆಬ್ಬೆರಳು ಒತ್ತು ಅಂದರು. ನಾನು ಹೊಡೆತಕ್ಕೆ ಹೆದರಿ ಬಲಗೈ ಚಾಚಿದೆ. "ಆ ಕೈ ಅಲ್ಲ, ನಿನ್ನ ಕೈ ಕೊಡು" ಅಂದರು. ಸಾಬೂನಿನಲ್ಲಿ ಬಿದ್ದ ಗುಳಿ ನೋಡಿಕೊಂಡು ಹಿತ್ತಾಳೆಯನ್ನು ಅರದಿಂದ ಉಜ್ಜಿದರು. ನಡುನಡುವೆ ನನ್ನನ್ನು ಕರೆದು ಬೆರಳು ಇಡಿಸಿ ನೋಡಿ ಮತ್ತೆ ಉಜ್ಜುತ್ತಿದ್ದರು. ಲಿವರ್ ಒತ್ತಿದರೆ ಡೈನಮೋ ಹಿಂದಿನ ಚಕ್ರಕ್ಕೆ ತಾಗಿ ಗುರ್ ಅನ್ನುತ್ತಿತ್ತು, ಮುಂದಿನ ದೀಪ ಹತ್ತುತ್ತಿತ್ತು, ಹ್ಯಾಂಡಲಿನ ಎರಡು ತುದಿಗೆ ಕೆಂಪು ಹಸಿರು. ಡಬ್ಬಿ ನೇತುಹಾಕಿಕೊಂಡು ಆ ಓಣಿಯಲ್ಲಿ ಹೋಗುವಾಗ ಎರಡು ಗೋಡೆಯ ಮೇಲೂ ಬಣ್ಣ ಓಡುತ್ತಿತ್ತು. ನನ್ನ ಜೀವನದಲ್ಲಿ ಅಷ್ಟು ಸಂತೋಷ ಮತ್ತೆ ಯಾವಾಗ ಪಟ್ಟೆನೋ ನೆನಪಿಲ್ಲ. ಇದನ್ನು ಇವರಿಗೆ ಹೇಳಬೇಡ.

ಒಂದು ತಿಂಗಳು ಓಡಿಸಿರಬಹುದು. ನೀನು ಹುಟ್ಟಿದ ಮೇಲೆ ಅಮ್ಮ ಏಳಲಾರದಷ್ಟು ಸೋತಿದ್ದರು. ಮಕ್ಕಳಿಲ್ಲದ ದೊಡ್ಡಮ್ಮ ಬಂದು, ಇವಳನ್ನು ಒಂದು ವರ್ಷ ನನ್ನ ಹತ್ತಿರ ಬಿಡು ಎಂದು ಕೇಳಿದರು. ಸೈಕಲನ್ನು ಬಸ್ಸಿನ ಮೇಲೆ ಹಾಕಿ ಕಳಿಸುತ್ತಾರೆ ಎಂದುಕೊಂಡಿದ್ದೆ. ಅಪ್ಪ, "ಒಂದು ವರ್ಷ ತಾನೆ, ನೀನು ಬರೋವರೆಗೂ ಎಣ್ಣೆ ಹಾಕಿ ಇಟ್ಟಿರ್ತೀನಿ" ಅಂದರು.

ಇಟ್ಟಿದ್ದರು. ರಜಕ್ಕೆ ಬಂದಾಗಲೆಲ್ಲ ಎಣ್ಣೆ ಹಾಕಿದ ಸೈಕಲ್ ಇರುತ್ತಿತ್ತು, ನಾನು ಮಾತ್ರ ಉದ್ದವಾಗುತ್ತಿದ್ದೆ. ಒಂದು ವರ್ಷ ಎರಡಾಯಿತು, ಐದಾಯಿತು. ದೊಡ್ಡಮ್ಮ ಕಳಿಸುತ್ತೇನೆ ಅನ್ನಲಿಲ್ಲ, ಅಪ್ಪ ಅಮ್ಮ ಕಳಿಸಿ ಅನ್ನಲಿಲ್ಲ. ಅವಳಿಗೆ ಅಲ್ಲೇ ಒಗ್ಗಿಹೋಗಿದೆ ಎಂದು ಅಮ್ಮ ಎಲ್ಲರಿಗೂ ಹೇಳುವುದನ್ನು ನಾನೇ ಬಾಗಿಲ ಹಿಂದೆ ಕೇಳಿದ್ದೇನೆ. ಒಗ್ಗಿರಲಿಲ್ಲ. ಒಂದು ರಜದಲ್ಲಿ ಬಂದರೆ ಸೈಕಲ್ ನೀಲಿಯಾಗಿತ್ತು, ಮೇಲೆ ನೀನು ಕೂತಿದ್ದೆ, ಪೆಡಲಿಗೆ ಮರದ ತುಂಡು. ಅಪ್ಪ ನನ್ನ ಮುಖ ನೋಡಲಿಲ್ಲ. ನಾನು ನೇರ ಹೋಗಿ ಹ್ಯಾಂಡಲ್ ನೋಡಿದೆ. ಲಿವರ್ ಎಡಗಡೆಗೇ ಇತ್ತು.

ಮುಂದೆ ಮಾರಾಟಕ್ಕೆ ಮಾಡಲು ಶುರುಮಾಡಿದಾಗ ನನ್ನ ಲಿವರಿನಿಂದಲೇ ಅಚ್ಚು ತೆಗೆದು ಎರಕ ಹೊಯ್ದರು. ಒಂದು ಸಲ ನಾನು ಶೆಡ್ಡಿನ ಮೂಲೆಯಲ್ಲಿ ಕೂತಿದ್ದೆ. ಅಂಗಡಿಯವನೊಬ್ಬ ಬಂದು, ಇದನ್ನು ಯಾಕೆ ಈ ಕಡೆ ಇಟ್ಟಿದ್ದೀರಿ ಎಂದು ರೇಗಿದ. "ನಮ್ಮಲ್ಲಿ ಹಾಗೇ" ಎಂದರು ಅಪ್ಪ, ನನ್ನ ಕಡೆ ನೋಡಿ. ಅಷ್ಟೇ. ಅದಕ್ಕಿಂತ ಹೆಚ್ಚು ಅವರು ಯಾವತ್ತೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಿಮ್ಮ ಕಾರ್ಖಾನೆಯಲ್ಲಿ ನನ್ನದು ಅಂತ ಇದ್ದದ್ದು ಆ ಹೆಬ್ಬೆರಳಿನ ಗುಳಿ ಒಂದು. ರಸ್ತೆಯಲ್ಲಿ ಯಾರದೋ ಮಗು ದೀಪ ಹಚ್ಚಿಕೊಂಡು ಹೋದರೆ, ಅದರ ಬೆರಳು ನನ್ನ ಬೆರಳಿನ ಜಾಗದಲ್ಲಿದೆ ಎಂದುಕೊಳ್ಳುತ್ತಿದ್ದೆ. ಅದಕ್ಕೇ ಬೇಡ ಎಂದು ಬರೆದದ್ದು.

ಅಕ್ಕ


ಮೇ ೧೮

ಅಕ್ಕಾ,

ನಿನ್ನ ಕಾಗದ ಬಂದ ದಿನವೇ ಕಾರ್ಖಾನೆಗೆ ಓಡಿದೆ. ನೀನು ಎಂದೇ ಬರೆಯುತ್ತಿದ್ದೇನೆ, ಇನ್ನು ನೀವು ಅನ್ನಲು ನನಗೆ ಮುಖವಿಲ್ಲ.

ತಡವಾಗಿತ್ತು. ಹೊಸ ಮಾದರಿಯ ಮೊದಲ ಲಾರಿಗಳು ಹೊರಟುಹೋಗಿದ್ದವು. ಹಳೆಯ ಲಿವರಿನ ಅಚ್ಚು ಎಲ್ಲಿ ಎಂದು ಕೇಳಿದೆ. ಹೊಸದು ಬಂದ ಮೇಲೆ ಜಾಗ ಯಾಕೆ ಹಾಳು ಎಂದು ಗುಜರಿಗೆ ಹಾಕಿದ್ದರು. ಹಾಕಿ ಎಂದು ಹೇಳಿದ್ದು ನಾನೇ, ಸಹಿ ನನ್ನದೇ. ಗುಜರಿಯವನ ಹತ್ತಿರ ಹೋದೆ. ರಾಶಿಯ ಮುಂದೆ ನಿಂತು, ಹುಡುಕಿಕೊಳ್ಳಿ ಸಾರ್, ಆದರೆ ನಿಮ್ಮ ಕಡೆಯಿಂದ ಬಂದದ್ದೆಲ್ಲ ಹೋದ ವಾರವೇ ಕರಗಿಸೋಕೆ ಹೋಯ್ತು ಅಂದ. ಆದರೂ ಹುಡುಕಿದೆ. ಸಿಗಲಿಲ್ಲ.

ಮಗಳಿಗೆ ಎಲ್ಲ ಹೇಳಿದೆ. ಅವಳು ನಿನ್ನ ಕಾಗದಗಳನ್ನೆಲ್ಲ ಇಸಿದುಕೊಂಡು ಓದಿದಳು. ಆಮೇಲೆ, "ಅತ್ತೆ ಜನವರಿಯಲ್ಲೇ ಬರೆದಿದ್ರಲ್ಲಪ್ಪ, ನೀವು ನನಗೆ ಹೇಳಲೇ ಇಲ್ಲ" ಅಂದಳು. ಹೇಳಿರಲಿಲ್ಲ. ಹಟ ಎಂದುಕೊಂಡು ನಕ್ಕು ಸುಮ್ಮನಾಗಿದ್ದೆ.

ಒಂದು ದಾರಿ ಇದೆ ಎನ್ನುತ್ತಾಳೆ. ನಿನ್ನ ಸೈಕಲಿನ ಲಿವರಿನಿಂದ ಮತ್ತೆ ಅಚ್ಚು ತೆಗೆದು, ಮುಂದಿನ ವರ್ಷದಿಂದ ಮೊದಲಿನ ಹಾಗೆ ಎಡಗಡೆಗೇ ಹಾಕಬಹುದು. ನಷ್ಟವಾದರೆ ಆಗಲಿ. ಜೂನ್‌ನಲ್ಲಿ ನೀನು ಬರಬೇಕು. ಎಲ್ಲರೆದುರು ನಿನ್ನನ್ನು ಪೆಟ್ಟಿಗೆಯ ಪಕ್ಕ ನಿಲ್ಲಿಸಿ ನಿಜ ಹೇಳುತ್ತೇನೆ. ಗೋಡೆಯ ಮೇಲಿನ ಕಥೆ ಬದಲಾಯಿಸಿ ನಿನ್ನ ಫೋಟೋ ಹಾಕಿಸುತ್ತೇನೆ.

ಒಂದು ಮಾತು ಕೇಳಲೇ? ನಿನಗೆ ನನ್ನ ಮೇಲೆ ಸಿಟ್ಟು ಬರಲಿಲ್ಲವೇ, ನಾನು ಹುಟ್ಟಿದ್ದಕ್ಕೆ?

ನಿನ್ನ ತಮ್ಮ


ಮೇ ೨೯

ತಮ್ಮಾ,

ಬಂತು. ನಿನಗೆ ಆರೇಳು ವರ್ಷವಾಗುವವರೆಗೂ ಇತ್ತು. ಆಮೇಲೆ ಒಂದು ರಜದಲ್ಲಿ ನಾನು ಬಸ್ ಹತ್ತುವಾಗ ನೀನು ನನ್ನ ಚೀಲ ಹಿಡಿದುಕೊಂಡು ಬಿಡಲೇ ಇಲ್ಲ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ, ನೀನು ಗೊಣ್ಣೆ ಸುರಿಸುತ್ತಿದ್ದೆ. ಅವತ್ತೇ ಹೋಯಿತು.

ಅಪ್ಪನ ಮೇಲಿನದು ಹೋಗಿಲ್ಲ. ಅವರಿಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದಿದ್ದರೆ ಕ್ಷಮಿಸಬಹುದಿತ್ತು. ಸಾವಿರ ಲಿವರುಗಳನ್ನು ಎಡಗಡೆಗೆ ಹಾಕಿದ ಮನುಷ್ಯ ಒಂದು ಸಲ ಬಸ್ ಹತ್ತಿ ಬಂದು, ಮಗಳನ್ನು ಕಳಿಸಿ ಎಂದು ದೊಡ್ಡಮ್ಮನಿಗೆ ಹೇಳಲಿಲ್ಲ. ನಾನಾದರೂ ಕೇಳಬಹುದಿತ್ತು, ಯಾಕಪ್ಪ ಕರೆಸಿಕೊಳ್ಳಲಿಲ್ಲ ಎಂದು. ಕೊನೆಯ ಸಲ ಆಸ್ಪತ್ರೆಯಲ್ಲಿ ಅವರ ಪಕ್ಕ ಕೂತು ಹಣ್ಣು ಬಿಡಿಸುತ್ತಿದ್ದೆ, ಬಲಗೈಯಲ್ಲಿ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಆಗ ಕೇಳಬೇಕಿತ್ತು. ಹಣ್ಣು ಸಿಹಿ ಇದೆಯಾ ಎಂದು ಕೇಳಿದೆ.

ನಾನು ಜೂನ್‌ಗೆ ಬರುವುದಿಲ್ಲ. ಮಂಡಿ ನೋವು ಅನ್ನು. ನನ್ನ ಫೋಟೋ ಗೋಡೆಗೆ ಹಾಕಬೇಡ. ನಿನಗೆ ಈಗ ಅಳು ಬಂದಿದೆ, ನಿಜವೇ. ಆದರೆ ನಿನ್ನ ಜಾಹೀರಾತಿನವನು ಬಂದರೆ ಆ ಅಳುವಿಗೂ ಒಂದು ಸಾಲು ಬರೆದುಕೊಡುತ್ತಾನೆ. ಅದನ್ನು ಓದಲು ನಾನು ಸಿದ್ಧಳಿಲ್ಲ.

ಅಚ್ಚಿನ ವಿಷಯ. ಇದನ್ನು ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ. ಬೇಡ. ನಿನ್ನ ಹುಬ್ಬು ಒಡೆದದ್ದು ನನ್ನ ಲಿವರಿನಿಂದ, ಅಲ್ಲವಾ? ಬೇರೆ ಮಕ್ಕಳೂ ಬೀಳುತ್ತಿದ್ದಾರೆ ಎಂದು ನೀನೇ ಬರೆದೆ. ನನ್ನ ಕೈಗೆ ಒಗ್ಗದ್ದನ್ನು ನನ್ನ ಮೇಲೆ ಹೇರಿದರು ಎಂದು ಇಷ್ಟು ವರ್ಷ ಸಂಕಟಪಟ್ಟವಳು ನಾನು. ಊರ ಮಕ್ಕಳ ಕೈಗೆ ಒಗ್ಗದ್ದನ್ನು ಹೇರಿ ಎಂದು ಹೇಗೆ ಹೇಳಲಿ? ಅಪ್ಪ ಅವರ ತಪ್ಪಿಗೆ ಆ ಮಕ್ಕಳ ಕೈಯಲ್ಲಿ ದಂಡ ಕಟ್ಟಿಸಿದರು. ಸಾಕು.

ಲಿವರ್ ಬಲಗಡೆಗೇ ಇರಲಿ. ಎಡಗೈಯ ಮಗು ಯಾವುದಾದರೂ ಬಂದು ಕೇಳಿದರೆ, ಅದರ ಬೆರಳಿನ ಅಳತೆ ತೆಗೆದುಕೊಂಡು ಅದಕ್ಕೊಂದು ಮಾಡಿಕೊಡಿ. ನನ್ನ ಬೆರಳಿನದಲ್ಲ, ಅದರದೇ. ನಿನ್ನ ಮಗಳಿಗೆ ಹೇಳು, ಈ ಸಲ ಮರೆಯಬೇಡ.

ಅಕ್ಕ


ಜೂನ್ ೧೬

ಅಕ್ಕಾ,

ಮೊನ್ನೆ ಶೆಡ್ಡು ತೆರೆದೆವು. ಜನ ಚೆನ್ನಾಗಿ ಸೇರಿದ್ದರು. ಗೋಡೆಯ ಮೇಲಿನ ಕಥೆಯನ್ನು ಹಿಂದಿನ ದಿನವೇ ತೆಗೆಸಿದ್ದೆ. ಅಲ್ಲಿ ಮೊಳೆಗಳ ತೂತು ಮಾತ್ರ ಇದ್ದವು.

ನನ್ನನ್ನು ಮಾತಾಡಲು ನಿಲ್ಲಿಸಿದರು. ನಿನ್ನ ಮಾತು ಮೀರಲಿಲ್ಲ. ಇಷ್ಟು ವರ್ಷ ಈ ಸೈಕಲ್ ನನಗೆ ಮಾಡಿದ್ದು ಎಂದು ಹೇಳಿಕೊಂಡು ಬಂದೆ, ಅದು ಸುಳ್ಳು, ನನಗೆ ಗೊತ್ತಿಲ್ಲದೆ ಹೇಳಿದ ಸುಳ್ಳು ಅಂದೆ. ಮುಂದಿನ ಸಾಲಿನಲ್ಲಿ ಒಂದು ಹುಡುಗಿ ಅಪ್ಪನ ತೊಡೆಯ ಮೇಲೆ ಕೂತಿದ್ದಳು. "ಮತ್ತೆ ಯಾರದು?" ಎಂದು ಕೇಳಿದಳು. ಎಲ್ಲರೂ ನಕ್ಕರು. "ನಮ್ಮಕ್ಕಂದು" ಅಂದೆ. ಅದಕ್ಕಿಂತ ಹೆಚ್ಚು ಹೇಳಿದರೆ ನಿನಗೆ ಹಿಡಿಸುವುದಿಲ್ಲ ಎಂದು ಗೊತ್ತಿತ್ತು. ಇಳಿದುಬಂದೆ.

ಗಾಜಿನ ಪೆಟ್ಟಿಗೆ ಖಾಲಿ ಇದೆ. ಏನಾದರೂ ಇಡೋಣ ಎಂದು ಮಗಳು ಕೇಳಿದಳು, ನಾನು ಬೇಡ ಅಂದೆ. ಒಳಗೆ ಏನೂ ಇಲ್ಲವಲ್ಲ ಎಂದು ಬಂದವರು ಕೇಳುತ್ತಾರೆ. ಕೇಳಲಿ.

ಸೈಕಲನ್ನು ಇದೇ ಗಾಡಿಯಲ್ಲಿ ಕಳಿಸುತ್ತಿದ್ದೇನೆ. ಬಟ್ಟೆ ಸುತ್ತಿ ಹೊಲಿದದ್ದು ನಾನು, ಹೊಲಿಗೆ ನೋಡಿ ನಗಬೇಡ. ನೀಲಿ ಬಣ್ಣವನ್ನು ಮೇಸ್ತ್ರಿ ಪೂರ್ತಿ ತೆಗೆದುಕೊಟ್ಟ. ಹಳದಿ ಅಲ್ಲಲ್ಲಿ ಹೋಗಿದೆ, ಅದರ ಮೇಲೆ ಹೊಸದಾಗಿ ಹೊಡೆಸಲಿಲ್ಲ. ಟೈರು, ಟ್ಯೂಬು ಹೊಸದು. ಡೈನಮೋ ಬಿಚ್ಚಿ ಒರೆಸಿ ಎಣ್ಣೆ ಹಾಕಿದ್ದೇನೆ, ನಾನೇ.

ಅಪ್ಪ ನಿನಗೆ ಹೇಳಿದ್ದರಲ್ಲ, ಬರುವವರೆಗೂ ಎಣ್ಣೆ ಹಾಕಿಟ್ಟಿರುತ್ತೇನೆ ಎಂದು. ನೀನು ಬರಲಿಲ್ಲ, ನಾವು ಕರೆಸಿಕೊಳ್ಳಲಿಲ್ಲ. ಅದಕ್ಕೆ ಗಾಡಿಯೇ ಬರುತ್ತಿದೆ.

ನಿನ್ನ ತಮ್ಮ


ಜೂನ್ ೨೫

ತಮ್ಮಾ

ಸೈಕಲ್ ಬಂತು. ಕೊಕ್ಕೆಗೆ ಹಾಕಲಿಲ್ಲ. ನೆಲದ ಮೇಲೆ ನಿಲ್ಲಿಸಿದ್ದೇನೆ.

ಇವರು ಹಿಂದಿನ ಚಕ್ರ ಎತ್ತಿ ಹಿಡಿದರು. ಬಲಗೈಯಲ್ಲಿ ಪೆಡಲ್ ತಿರುಗಿಸಿದೆ. ಎಡಗೈಯಲ್ಲಿ ಲಿವರ್ ಒತ್ತಿದೆ. ದೀಪ ಹತ್ತಿತು. ಬೆರಳು ಈಗ ಆ ಗುಳಿಗೆ ದೊಡ್ಡದು.

ಅಕ್ಷರ ನೋಡಿ ಹೆದರಬೇಡ, ನನಗೆ ಏನೂ ಆಗಿಲ್ಲ. ಇದು ನನ್ನ ಕೈ ಬರೆದದ್ದು. ಇಷ್ಟಕ್ಕೇ ಬೆಳಿಗ್ಗೆ ಹೋಗಿ ಮಧ್ಯಾಹ್ನವಾಯಿತು. ಒಂದನೇ ಕ್ಲಾಸಿನ ಮಗು ಬರೆದ ಹಾಗಿದೆ. ಕಲಿಯಲು ಬಿಟ್ಟಿದ್ದರೆ ಈ ಕೈ ಹೇಗೆ ಬರೆಯುತ್ತಿತ್ತೋ, ಇನ್ನು ಗೊತ್ತಾಗುವುದಿಲ್ಲ.

ಎಡಚಿ